ಪಾಚಿ ಅಂತ ಕಿತ್ತಿದ್ದು ಪಾಚಿ ಆಗಿರಲಿಲ್ಲ: ಬೆಂಗಳೂರಿನ ಒಂದು ಕೆರೆಯ ಪ್ರಕರಣ

2022ರ ಮೇ ತಿಂಗಳು. ಎರಡು ರಾತ್ರಿ ಬಿಟ್ಟೂ ಬಿಡದೆ ಮಳೆ ಸುರಿದಿತ್ತು. ಮೂರನೇ ದಿನ ಬೆಳಗ್ಗೆ ಐದೂವರೆಗೆ ಏರಿ ಮೇಲೆ ಹೋದರೆ ಕೆರೆ ತುಂಬ ಮೀನಿನ ಬಾಯಿಗಳು. ಮೈ ನೀರೊಳಗೆ, ಬಾಯಿ ಮಾತ್ರ ಹೊರಗೆ. ಗಾಳಿ ಗುಟುಕರಿಸುತ್ತಿದ್ದವು. ಏಳು ಗಂಟೆ ಹೊತ್ತಿಗೆ ತೂಬಿನ ಪಕ್ಕದ ಮೂಲೆಯಲ್ಲಿ ಕಾಟ್ಲಾ, ರೋಹು, ಜಿಲೇಬಿ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನೀರು ಪಾಲಕ್ ಸೊಪ್ಪು ರುಬ್ಬಿ ಸುರಿದ ಹಾಗೆ ಹಸಿರಾಗಿತ್ತು.

ಜನ ಸೇರಿದರು. ಯಾರೋ ವಿಷ ಹಾಕಿದ್ದಾರೆ ಅಂದರು ಒಬ್ಬರು. ಮೇಲಿನ ಬಡಾವಣೆಯ ಒಳಚರಂಡಿ ಉಕ್ಕಿರಬೇಕು ಅಂದರು ಇನ್ನೊಬ್ಬರು. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಆದರೆ ಈ ಸಾವು ಶುರುವಾದದ್ದು ಮೂರು ತಿಂಗಳ ಮುಂಚೆ, ಕೆರೆ ತುಂಬ ಚೆನ್ನಾಗಿದ್ದ ಕಾಲದಲ್ಲಿ. ಶುರು ಮಾಡಿದವರು ನಾವೇ, ದಿನಾ ಏರಿ ಮೇಲೆ ನಡೆಯುವವರು. ಕೆರೆಯೊಳಗಿನ ಗಿಡ ತೆಗೆಸಿ ಅಂತ ಕೇಳಿದ ಅರ್ಜಿಗೆ ಸಹಿ ಹಾಕಿದ ನಲವತ್ತು ಚಿಲ್ಲರೆ ಜನರಲ್ಲಿ ನಾನೂ ಒಬ್ಬ. ಬೇರೆ ಕೆರೆಗಳ ಹತ್ತಿರವೂ ಇಂಥದೇ ಅರ್ಜಿ ಬರೆಯುತ್ತಿರುವುದು ಕಿವಿಗೆ ಬೀಳುತ್ತಿದೆ. ಅದಕ್ಕೇ ಆದದ್ದನ್ನೆಲ್ಲ ಪೂರ್ತಿ ಬರೆಯುತ್ತಿದ್ದೇನೆ.

ಕೆರೆ ಹೇಗಿತ್ತು

ಕೆರೆಯ ಹೆಸರು ಬೇಡ. ನಗರದ ದಕ್ಷಿಣದ ಅಂಚಿನಲ್ಲಿದೆ, ಸುಮಾರು 14 ಎಕರೆ. ಬೆಂಗಳೂರಿನ ಮಿಕ್ಕ ಕೆರೆಗಳ ಹಾಗೆ ಇದೂ ಹಿಂದಿನವರು ಏರಿ ಕಟ್ಟಿ ನಿಲ್ಲಿಸಿದ ನೀರು. ಮೇಲಿನ ಕೆರೆಯ ಕೋಡಿ ನೀರು ರಾಜಕಾಲುವೆಯಲ್ಲಿ ಇಲ್ಲಿಗೆ ಬರುತ್ತದೆ, ಇಲ್ಲಿಯ ಕೋಡಿ ನೀರು ಕೆಳಗಿನ ಕೆರೆಗೆ ಹೋಗುತ್ತದೆ. ಆಳ ಜಾಸ್ತಿ ಇಲ್ಲ. ತುಂಬಿದಾಗ ಹೆಚ್ಚೆಂದರೆ ಎರಡೂವರೆ ಮೀಟರ್. ಈ ಆಳದ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

2018ರಲ್ಲಿ ಹೂಳೆತ್ತಿದರು, ಕೊಳಚೆಯನ್ನು ಬಹುಪಾಲು ಬೇರೆ ಕಡೆ ತಿರುಗಿಸಿದರು, ಸುತ್ತ ಬೇಲಿ ಹಾಕಿ ನಡೆಯುವ ದಾರಿ ಮಾಡಿದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನೀರು ನಿಂತಿತು. ಆಮೇಲೆ ಯಾರೂ ನೆಡದೆ ಗಿಡಗಳು ಬಂದವು. ಕೆಲವು ಮಣ್ಣಲ್ಲೇ ಮಲಗಿದ್ದ ಬೀಜದಿಂದ, ಕೆಲವು ಹಕ್ಕಿಗಳ ಕಾಲಿಗೆ ಅಂಟಿಕೊಂಡು, ಕೆಲವು ಮೇಲಿನ ಕೆರೆಯಿಂದ ಕೊಚ್ಚಿಕೊಂಡು ಬಂದಿರಬೇಕು. 2021ರ ನವೆಂಬರ್ ಮಳೆ ಮುಗಿದಾಗ ಇಡೀ ಕೆರೆ ಗಾಜಿನ ಹಾಗಿತ್ತು. ಏರಿಯಿಂದ ಬಗ್ಗಿ ನೋಡಿದರೆ ಒಳಗೆ ಒಂದು ತೋಟವೇ ಕಾಣುತ್ತಿತ್ತು.

ಆ ತೋಟದಲ್ಲಿ ಏನೇನಿತ್ತು ಅಂತ ನನಗೆ ಆಗ ಗೊತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದಾರೆ, ಅವರು ಆಮೇಲೆ ಹೇಳಿಕೊಟ್ಟರು. ಜಾಸ್ತಿ ಇದ್ದದ್ದು ಹೈಡ್ರಿಲ್ಲಾ. ನೆನಪಾಯಿತಾ? ಶಾಲೆಯಲ್ಲಿ ಎಲ್ಲರೂ ಚಿತ್ರ ಬರೆದಿದ್ದೇವೆ. ಬೀಕರ್‌ನಲ್ಲಿ ನೀರು, ಅದರಲ್ಲಿ ಗಿಡ, ಮೇಲೆ ಬೋರಲು ಹಾಕಿದ ಆಲಿಕೆ, ಅದರ ಮೇಲೆ ಪ್ರನಾಳ, ಬಿಸಿಲಿಗಿಟ್ಟರೆ ಗುಳ್ಳೆ ಗುಳ್ಳೆಯಾಗಿ ಆಮ್ಲಜನಕ. ಹತ್ತು ಅಂಕಕ್ಕೆ ಬಾಯಿಪಾಠ ಮಾಡಿದ ಗಿಡವೇ ಮನೆ ಮುಂದಿನ ಕೆರೆಯಲ್ಲಿ ಎಕರೆಗಟ್ಟಲೆ ಬೆಳೆದಿದ್ದಾಗ ನಮಗೆ ಗುರುತು ಸಿಗಲಿಲ್ಲ.

ಹೈಡ್ರಿಲ್ಲಾ ಜೊತೆಗೆ ರಿಬ್ಬನ್ನಿನ ಹಾಗೆ ಉದ್ದ ಎಲೆಯ ವ್ಯಾಲಿಸ್ನೇರಿಯಾ ಇತ್ತು. ಮುಟ್ಟಿದರೆ ಪಟ್ ಅಂತ ಮುರಿಯುವ ನಾಜಸ್ ಇತ್ತು. ಬೇರೇ ಇಲ್ಲದೆ ನೀರಲ್ಲಿ ತೂಗಾಡುವ, ಎಲೆ ಕವಲಾಗಿ ಒಡೆದಿರುವ ಸೆರಟೋಫಿಲ್ಲಮ್ ಇತ್ತು. ಅಂಚಿನಲ್ಲಿ ನೈದಿಲೆ, ನೀರು ಬರುವ ಬಾಯಲ್ಲಿ ಜೊಂಡು. ನಾಮದ ಕೋಳಿಗಳು ನೂರರ ಲೆಕ್ಕದಲ್ಲಿ ಬಂದು ಈ ಗಿಡಗಳನ್ನು ಕಿತ್ತು ತಿನ್ನುತ್ತಿದ್ದವು. ಗುಳುಮುಳುಕಗಳು ಒಳಗೆ ಮುಳುಗಿ ಎಲ್ಲೋ ಏಳುತ್ತಿದ್ದವು.

ನಮ್ಮ ಮಾತಲ್ಲಿ ಇವಕ್ಕೆಲ್ಲ ಇದ್ದದ್ದು ಒಂದೇ ಹೆಸರು: ಪಾಚಿ. ಸಿಟ್ಟು ಬಂದರೆ ಕಳೆ. ತಪ್ಪು ಹುಟ್ಟಿದ್ದು ಈ ಹೆಸರಿನಲ್ಲೇ ಅಂತ ನನಗೀಗ ಅನ್ನಿಸುತ್ತದೆ. ಪಾಚಿಗೆ ಬೇರಿಲ್ಲ, ಹೂವಿಲ್ಲ. ಹೈಡ್ರಿಲ್ಲಾ ಹೂ ಬಿಡುವ ಗಿಡ, ಬತ್ತ ರಾಗಿಯ ಹಾಗೆ ಏಕದಳ ಗುಂಪಿಗೆ ಸೇರಿದ್ದು. ಅದರ ಹಿಂದಿನವರು ನೆಲದ ಮೇಲೆ ಬದುಕಿ ಆಮೇಲೆ ನೀರಿಗೆ ವಾಪಸ್ ಹೋದವರು.

ತೆಗೆದದ್ದು

2022ರ ಜನವರಿಯಲ್ಲಿ ನೀರು ಸ್ವಲ್ಪ ಇಳಿದಾಗ ಹೈಡ್ರಿಲ್ಲಾ ತುದಿಗಳು ಮೇಲೆ ಕಾಣಿಸಿಕೊಂಡವು. ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಂತು. "ಇಷ್ಟು ದುಡ್ಡು ಖರ್ಚು ಮಾಡಿ ಕೆರೆ ಸರಿ ಮಾಡಿದ್ದು ಇದಕ್ಕಾ?" ಅಂತ ಕೇಳಿದರು. ಸೊಳ್ಳೆ ಜಾಸ್ತಿಯಾಗಿದೆ ಅಂದರು, ಅದು ಸುಳ್ಳೇನಲ್ಲ, ನೀರಿನ ಮೇಲೆ ಗಿಡ ದಟ್ಟವಾಗಿ ಹಾಸಿಕೊಂಡ ಕಡೆ ಸೊಳ್ಳೆ ಮರಿಗಳಿಗೆ ಮರೆ ಸಿಗುತ್ತದೆ. ಮೀನು ಟೆಂಡರ್ ಹಿಡಿದವರು ಬಲೆ ಸಿಕ್ಕಿಕೊಳ್ಳುತ್ತದೆ ಅಂದರು. ಅದೂ ನಿಜ. ಅರ್ಜಿ ಹೋಯಿತು. ಫೆಬ್ರವರಿಯಲ್ಲಿ ಯಂತ್ರ ಬಂತು, 11 ದಿನ ಕೆಲಸ ಮಾಡಿ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ನೈದಿಲೆ, ಜೊಂಡು ಅಂತ ನೋಡದೆ ಒಂದು ಕಡೆಯಿಂದ ಎಲ್ಲ ತೆಗೆದರು. ತೆಗೆದ ಗಿಡವನ್ನು ಏರಿ ಪಕ್ಕದಲ್ಲೇ ರಾಶಿ ಹಾಕಿದರು, ಎರಡು ವಾರ ಅಲ್ಲೇ ಕೊಳೆಯಿತು. ರಾಶಿಯಿಂದ ಕಂದು ರಸ ಇಳಿದು ಕೆರೆಗೇ ಸೇರಿತು. ಗಿಡ ವರ್ಷವಿಡೀ ಹೀರಿಟ್ಟಿದ್ದ ರಂಜಕ, ಸಾರಜನಕ ಎಲ್ಲ ಆ ರಸದಲ್ಲಿತ್ತು.

ಆ ವಾರ ಕೆರೆ ನಿಜಕ್ಕೂ ಚಂದ ಕಂಡಿತು. ಖಾಲಿ, ನೀಲಿ, ಆಕಾಶದ ನೆರಳು. ಎಲ್ಲರೂ ಫೋಟೋ ಹಾಕಿದೆವು.

ಮಾರ್ಚ್ ಮಧ್ಯಕ್ಕೆ ನೀರು ಮಬ್ಬಾಯಿತು. ಮೇಷ್ಟ್ರು ಒಂದು ಹಳೆಯ ಸ್ಟೀಲ್ ತಟ್ಟೆಗೆ ಕಾಲು ಕಾಲು ಭಾಗ ಕಪ್ಪು ಬಿಳಿ ಬಣ್ಣ ಬಳಿದು, ನಡುವೆ ತೂತು ಹಾಕಿ, ಗಂಟು ಕಟ್ಟಿದ ಹಗ್ಗಕ್ಕೆ ಪೋಣಿಸಿ ಕೊಟ್ಟರು. ಅದನ್ನು ನೀರಿಗಿಳಿಸಿ, ಎಷ್ಟು ಆಳದವರೆಗೆ ಕಾಣುತ್ತದೆ ಅಂತ ಅಳೆಯಬೇಕು, ಅಷ್ಟೇ. ಇಟಲಿಯ ಪಾದ್ರಿ ವಿಜ್ಞಾನಿ ಏಂಜೆಲೊ ಸೆಕ್ಕಿ 1865ರಲ್ಲಿ ಮೆಡಿಟರೇನಿಯನ್ ಕಡಲಲ್ಲಿ ಇಂಥ ತಟ್ಟೆ ಇಳಿಸಿ ನೋಡಿದ್ದರು. ಇವತ್ತಿಗೂ ಕೆರೆಯ ಆರೋಗ್ಯ ತಿಳಿಯಲು ಇದಕ್ಕಿಂತ ಅಗ್ಗದ ಉಪಕರಣ ಇಲ್ಲ. ಗಿಡ ಇದ್ದಾಗ ಒಂದೂವರೆ ಮೀಟರ್ ಆಳದ ತಳ ಬರಿಗಣ್ಣಿಗೆ ಕಾಣುತ್ತಿತ್ತು. ಮಾರ್ಚ್ ಕೊನೆಗೆ ತಟ್ಟೆ 60 ಸೆಂಟಿಮೀಟರಿಗೆ ಮಾಯವಾಯಿತು. ಏಪ್ರಿಲ್ ಕೊನೆಗೆ 25 ಸೆಂಟಿಮೀಟರ್. ಮೊಣಕೈವರೆಗೆ ಕೈ ಮುಳುಗಿಸಿದರೆ ಬೆರಳು ಕಾಣುತ್ತಿರಲಿಲ್ಲ.

ಏಕೆ ಹೀಗಾಯಿತು

ಆಳವಿಲ್ಲದ ಕೆರೆ ಎರಡು ಥರ ಬದುಕಬಹುದು. ಒಂದು, ತಿಳಿ ನೀರು, ತಳದ ತುಂಬ ಗಿಡ. ಇನ್ನೊಂದು, ಹಸಿರು ಮಬ್ಬು ನೀರು, ಗಿಡ ಇಲ್ಲ, ನೀರಿನ ತುಂಬ ಕಣ್ಣಿಗೆ ಕಾಣದ ಸೂಕ್ಷ್ಮ ಪಾಚಿ. ಎರಡರಲ್ಲೂ ಗೊಬ್ಬರ, ಅಂದರೆ ರಂಜಕ ಸಾರಜನಕ, ಅಷ್ಟೇ ಇರಬಹುದು, ಅದು ಯಾರ ಕೈಯಲ್ಲಿದೆ ಅನ್ನುವುದಷ್ಟೇ ವ್ಯತ್ಯಾಸ. ನೆದರ್‌ಲ್ಯಾಂಡ್ಸಿನ ಮಾರ್ಟೆನ್ ಶೆಫರ್ ಮತ್ತು ಸಂಗಡಿಗರು 1993ರಲ್ಲಿ ಇದನ್ನು ಚೆನ್ನಾಗಿ ವಿವರಿಸಿದರು. ಎರಡು ಸ್ಥಿತಿಯೂ ತನ್ನನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಒಂದರಿಂದ ಇನ್ನೊಂದಕ್ಕೆ ನಿಧಾನಕ್ಕೆ ಜಾರುವುದಿಲ್ಲ, ಒಂದು ದಿನ ಮಗುಚಿಕೊಳ್ಳುತ್ತದೆ. ಮಗುಚಿದ ಮೇಲೆ ವಾಪಸ್ ತರುವುದು ತುಂಬ ಕಷ್ಟ.

ಗಿಡ ಇದ್ದಾಗ ನಮ್ಮ ಕೆರೆಯಲ್ಲಿ ಏನು ನಡೆಯುತ್ತಿತ್ತು ನೋಡಿ. ಬೇರು ಹೂಳನ್ನು ಹಿಡಿದುಕೊಂಡಿತ್ತು, ಗಾಳಿ ಬೀಸಿದರೂ ತಳ ಕದಡುತ್ತಿರಲಿಲ್ಲ. ಎಲೆ ಕಾಂಡಗಳ ನಡುವೆ ನೀರು ನಿಧಾನವಾಗಿ ಮಣ್ಣಿನ ಕಣ ಕೆಳಗೆ ಕೂರುತ್ತಿತ್ತು. ಒಳಚರಂಡಿಯಿಂದ, ಬಟ್ಟೆ ಸೋಪಿನಿಂದ ಬರುವ ರಂಜಕವನ್ನು ಗಿಡಗಳೂ ಅವುಗಳ ಎಲೆ ಮೇಲೆ ಅಂಟಿ ಬೆಳೆಯುವ ಲೋಳೆಯೂ ಹಂಚಿಕೊಳ್ಳುತ್ತಿದ್ದವು. ಇನ್ನೊಂದು ವಿಷಯ ನನಗೆ ತುಂಬ ಇಷ್ಟ. ಡ್ಯಾಫ್ನಿಯಾ ಅಂತ ಸಾಸಿವೆಗಿಂತ ಚಿಕ್ಕ ನೀರುಚಿಗಟ ಇದೆ. ಅದರ ಊಟವೇ ಸೂಕ್ಷ್ಮ ಪಾಚಿ. ಹಗಲಲ್ಲಿ ಮೀನಿಗೆ ಹೆದರಿ ಗಿಡದೊಳಗೆ ಅಡಗಿ ಕೂತು, ರಾತ್ರಿ ಹೊರಗೆ ಬಂದು ನೀರನ್ನು ಸೋಸಿ ತಿನ್ನುತ್ತದೆ. ಗಿಡ ಕಿತ್ತ ದಿನವೇ ಅವುಗಳ ಮನೆ ಹೋಯಿತು. ವಾರದೊಳಗೆ ಮೀನುಗಳು ಅವನ್ನು ತಿಂದು ಮುಗಿಸಿರುತ್ತವೆ. ಸೂಕ್ಷ್ಮ ಪಾಚಿಗೆ ಈಗ ಗೊಬ್ಬರ ಉಂಟು, ಬಿಸಿಲು ಉಂಟು, ತಿನ್ನುವವರಿಲ್ಲ.

ಸೂಕ್ಷ್ಮ ಪಾಚಿಯೂ ಆಮ್ಲಜನಕ ಕೊಡುತ್ತದಲ್ವಾ, ಮೀನು ಯಾಕೆ ಸತ್ತವು ಅಂತ ಕೇಳಬಹುದು. ನಾನೂ ಕೇಳಿದೆ. ಕೊಡುತ್ತದೆ, ಬಿಸಿಲಿದ್ದಾಗ ಮಾತ್ರ. ರಾತ್ರಿ ಅದೂ ಉಸಿರಾಡುತ್ತದೆ. ಗಿಡಗಳೂ ರಾತ್ರಿ ಆಮ್ಲಜನಕ ತೆಗೆದುಕೊಳ್ಳುತ್ತವೆ, ದಟ್ಟ ಹೈಡ್ರಿಲ್ಲಾ ಹಾಸಿನ ಕೆಳಗೂ ಬೆಳಗಿನ ಜಾವ ಆಮ್ಲಜನಕ ಕಡಿಮೆಯೇ. ಆದರೆ ಗಿಡ ಒಂದೆರಡು ದಿನದ ಮೋಡಕ್ಕೆ ಸಾಯುವುದಿಲ್ಲ. ಸೂಕ್ಷ್ಮ ಪಾಚಿಯ ಆಯಸ್ಸು ದಿನಗಳ ಲೆಕ್ಕದ್ದು. ಮೇ ತಿಂಗಳ ಆ ಎರಡು ದಿನ ಬಿಸಿಲಿಲ್ಲದೆ ಅದು ಒಟ್ಟಿಗೆ ಸತ್ತು ಕೊಳೆಯಲು ಶುರುವಾಯಿತು, ಮೇಲಿನಿಂದ ಒಳಚರಂಡಿ ಬೆರೆತ ಮಳೆ ನೀರು ನುಗ್ಗಿತು, ಕೊಳೆಯುವ ಕೆಲಸಕ್ಕೆ ನೀರಲ್ಲಿದ್ದ ಆಮ್ಲಜನಕವೆಲ್ಲ ಖರ್ಚಾಯಿತು. ಮೀನು ಬದುಕುವ ನೀರಿಗೆ ನಮ್ಮ ದೇಶದ ಮಾನದಂಡ ಲೀಟರಿಗೆ 4 ಮಿಲಿಗ್ರಾಂ ಆಮ್ಲಜನಕ. ಅವತ್ತು ಬೆಳಗ್ಗೆ ಅಕ್ವೇರಿಯಂ ಸಾಕುವ ಹುಡುಗನೊಬ್ಬ ತನ್ನ ಕಿಟ್ ತಂದು ನೋಡಿದಾಗ ಬಂದದ್ದು ಒಂದಕ್ಕಿಂತ ಕಡಿಮೆ.

ಅದಕ್ಕೂ ಮೊದಲೇ ಮೀನುಗಳು ಸೋತಿದ್ದವು ಅಂತ ನನ್ನ ಅನುಮಾನ. ಸೂಕ್ಷ್ಮ ಪಾಚಿ ಹಗಲಲ್ಲಿ ನೀರಿನ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡರೆ ಪಿಎಚ್ ಏರುತ್ತದೆ, ಅಂದರೆ ನೀರು ಕ್ಷಾರವಾಗುತ್ತದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ನೋಡಿದಾಗ 9 ದಾಟಿತ್ತು. ಕೊಳಚೆಯಿಂದ ಬರುವ ಅಮೋನಿಯಾ ಪಿಎಚ್ 7.5ರಲ್ಲಿ ಅಷ್ಟು ಕೆಡುಕಲ್ಲ, ನೂರರಲ್ಲಿ ಸುಮಾರು 2 ಪಾಲು ಮಾತ್ರ ವಿಷದ ರೂಪದಲ್ಲಿರುತ್ತದೆ. ಬೇಸಿಗೆಯ ಬಿಸಿ ನೀರಲ್ಲಿ ಪಿಎಚ್ 9 ಆದರೆ ಅದೇ ಅಮೋನಿಯಾದ ಸುಮಾರು 40 ಪಾಲು ವಿಷವಾಗುತ್ತದೆ. ಕೊಳಚೆ ಅಷ್ಟೇ ಇತ್ತು, ನೀರು ಬದಲಾಗಿತ್ತು.

ಕಡಲಿನ ನೆಂಟರು

ಇಲ್ಲಿಂದ ಸ್ವಲ್ಪ ದೂರ ಹೋಗುತ್ತೇನೆ. ನನ್ನ ಮನಸ್ಸು ಬದಲಾದದ್ದು ಈ ಭಾಗದಲ್ಲಿ.

ಮೇಷ್ಟ್ರು ಒಂದು ಸಂಜೆ ಹೇಳಿದರು, ನಮ್ಮ ಕೆರೆಯ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ನಾಜಸ್ ಮೂರೂ ಒಂದೇ ಕುಟುಂಬ, ಹೈಡ್ರೋಕ್ಯಾರಿಟೇಸಿ. ನೂರಕ್ಕೂ ಹೆಚ್ಚು ಜಾತಿಗಳಿರುವ ಈ ಕುಟುಂಬದ ಬಹುಪಾಲು ಸಿಹಿನೀರಿನವು. ಆದರೆ ಎನ್ಹಾಲಸ್, ಥಲಾಸಿಯಾ, ಹ್ಯಾಲೋಫಿಲಾ ಅನ್ನುವ ಮೂರು ಕುಲಗಳು ಕಡಲಿಗೆ ಹೋಗಿ ಕಡಲಹುಲ್ಲಾದವು. ರಾಮೇಶ್ವರದ ಆಸುಪಾಸಿನ ಪಾಕ್ ಕೊಲ್ಲಿಯಲ್ಲಿ, ಮನ್ನಾರ್ ಕೊಲ್ಲಿಯಲ್ಲಿ ತಳದ ತುಂಬ ಹುಲ್ಲುಗಾವಲಿನ ಹಾಗೆ ಬೆಳೆದಿರುವುದರಲ್ಲಿ ಇವೂ ಇವೆ. ಅದನ್ನು ಮೇಯುವ ಕಡಲಹಸು ಡ್ಯೂಗಾಂಗ್‌ಗಾಗಿ ತಮಿಳುನಾಡು 2022ರಲ್ಲಿ ಪಾಕ್ ಕೊಲ್ಲಿಯಲ್ಲಿ 448 ಚದರ ಕಿಲೋಮೀಟರ್ ಸಂರಕ್ಷಣಾ ಪ್ರದೇಶ ಮಾಡಿತು. ನಾವು ಸಹಿ ಹಾಕಿ ನಮ್ಮ ಕೆರೆ ಬೋಳಿಸಿದ ವರ್ಷವೇ ಅದು.

ಕಡಲಹುಲ್ಲು ಒಂದೇ ಬಾರಿ ಹುಟ್ಟಿದ್ದಲ್ಲ. ಸಿಹಿನೀರಿನ ಏಕದಳ ಗಿಡಗಳಿಂದ ಕನಿಷ್ಠ ಮೂರು ಸಲ, ಬೇರೆ ಬೇರೆಯಾಗಿ, ಸುಮಾರು 10 ಕೋಟಿ ವರ್ಷಗಳಿಂದ ಈಚೆಗೆ ಗಿಡಗಳು ಉಪ್ಪುನೀರಿಗೆ ಇಳಿದಿವೆ. ಭೂಮಿಯ ಮೇಲೆ ಹೂ ಬಿಡುವ ಗಿಡ ಸುಮಾರು ಮೂರು ಲಕ್ಷ ಜಾತಿ ಇವೆ, ಕಡಲಲ್ಲಿ ಪೂರ್ತಿ ಮುಳುಗಿ ಬದುಕುವವು ಎಪ್ಪತ್ತರ ಆಸುಪಾಸು ಮಾತ್ರ. ಅಷ್ಟು ಕಷ್ಟದ ಕೆಲಸ ಅದು. 2016ರಲ್ಲಿ ಜೋಸ್ಟೆರಾ ಮರೀನಾ ಅನ್ನುವ ಕಡಲಹುಲ್ಲಿನ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ, ಪೂರ್ತಿ ಓದಿದಾಗ, ಎಲೆ ಮೇಲಿನ ಉಸಿರಾಟದ ರಂಧ್ರ ಮಾಡುವ ಜೀನ್‌ಗಳೆಲ್ಲ ಕಳೆದುಹೋಗಿರುವುದು ಗೊತ್ತಾಯಿತು. ನೀರೊಳಗೆ ರಂಧ್ರ ಇಟ್ಟುಕೊಂಡು ಏನು ಮಾಡಬೇಕು, ಅಲ್ವಾ?

ನೀರೊಳಗೆ ಬದುಕುವುದರ ಕಷ್ಟ ನಮ್ಮ ಕೆರೆಯಲ್ಲೂ ಇದೆ. ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ನೀರಲ್ಲಿ ಹರಡುತ್ತದೆ. ಬಿಸಿಲು ಏರಿದ ಮೇಲೆ ದಟ್ಟ ಗಿಡದ ನಡುವೆ ಅದು ಹೆಚ್ಚುಕಡಿಮೆ ಖಾಲಿ. ಆಗ ಹೈಡ್ರಿಲ್ಲಾ ಜೋಳ, ಕಬ್ಬು ಮಾಡುವ ಸಿ-4 ವಿಧಾನಕ್ಕೆ ತಿರುಗುತ್ತದೆ, ಅಂದರೆ ಸಿಕ್ಕ ಅಲ್ಪಸ್ವಲ್ಪ ಇಂಗಾಲದ ಡೈಆಕ್ಸೈಡನ್ನು ಹಿಡಿದು ಒಂದೆಡೆ ಸೇರಿಸಿ ಆಹಾರ ಮಾಡಿಕೊಳ್ಳುತ್ತದೆ. ಕಬ್ಬಿಗೆ ಅದಕ್ಕೆ ಎರಡು ಥರದ ಜೀವಕೋಶ ಬೇಕು, ಹೈಡ್ರಿಲ್ಲಾ ಒಂದೇ ಕೋಶದೊಳಗೆ ಆ ಕೆಲಸ ಮುಗಿಸುತ್ತದೆ, ಅದೂ ಬೇಕಾದಾಗ ಮಾತ್ರ. ಬೀಕರ್‌ನಲ್ಲಿ ಗುಳ್ಳೆ ಬಿಡುವ ಬಡಪಾಯಿ ಗಿಡ ಅಂತ ತಿಳಿದಿದ್ದೆ.

ಹೂವಿನ ವಿಷಯವಂತೂ ಕಣ್ಣಾರೆ ನೋಡಬೇಕು. ವ್ಯಾಲಿಸ್ನೇರಿಯಾದಲ್ಲಿ ಹೆಣ್ಣು ಗಿಡ ಬೇರೆ, ಗಂಡು ಗಿಡ ಬೇರೆ. ಹೆಣ್ಣು ಹೂ ಉದ್ದನೆ ತೊಟ್ಟಿನ ಮೇಲೆ ನೀರಿನ ಮಟ್ಟಕ್ಕೆ ಬಂದು ತೇಲುತ್ತದೆ. ಗಂಡು ಹೂಗಳು ತಳದಲ್ಲೇ ಹುಟ್ಟಿ, ತೊಟ್ಟು ಕಳಚಿಕೊಂಡು ಮೇಲೇರಿ, ಗುಂಡುಸೂಜಿ ತಲೆಯಷ್ಟು ಬಿಳಿ ಚುಕ್ಕೆಗಳಾಗಿ ನೀರಿನ ಮೇಲೆ ಗಾಳಿಗೆ ಜಾರುತ್ತ ಹೋಗಿ ಹೆಣ್ಣು ಹೂವಿನ ಸುತ್ತಲಿನ ಸಣ್ಣ ತಗ್ಗಿಗೆ ಬೀಳುತ್ತವೆ. ಆದ ಮೇಲೆ ಹೆಣ್ಣು ಹೂವಿನ ತೊಟ್ಟು ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿ ಕಾಯನ್ನು ಕೆಳಗೆ ಎಳೆದುಕೊಳ್ಳುತ್ತದೆ. ಕಡಲಿನ ಎನ್ಹಾಲಸ್ ಇವತ್ತಿಗೂ ಇದೇ ಥರ ಗಂಡು ಹೂಗಳನ್ನು ತೇಲಿಬಿಡುತ್ತದೆ. ಮಿಕ್ಕ ಕಡಲಹುಲ್ಲುಗಳಲ್ಲಿ ಬಹುಪಾಲು ಮೇಲ್ಮೈಯ ಹಂಗು ಬಿಟ್ಟು ನೀರೊಳಗೇ ಪರಾಗ ಕಳಿಸುತ್ತವೆ, ಜೋಸ್ಟೆರಾದ ಪರಾಗ ನೂಲಿನ ಎಳೆಯ ಹಾಗೆ ಉದ್ದ.

ಇನ್ನೊಂದು ನೆಂಟಸ್ತಿಕೆ ಬೆಂಗಳೂರಿನದು. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಹೈಡ್ರಿಲ್ಲಾ ಅಮೆರಿಕದ ಫ್ಲಾರಿಡಾ ಸೇರಿತು, ಅಲ್ಲಿ ಕೆರೆ ಕಾಲುವೆ ಎಲ್ಲ ಮುಚ್ಚುವಷ್ಟು ಹಬ್ಬಿತು. 1997ರಲ್ಲಿ ಬೇರೆ ಬೇರೆ ದೇಶಗಳ ಹೈಡ್ರಿಲ್ಲಾದ ಡಿಎನ್‌ಎ ಹೋಲಿಸಿದಾಗ, ಅಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಹಬ್ಬಿದ್ದಕ್ಕೆ ತೀರ ಹತ್ತಿರ ಬಂದದ್ದು ಬೆಂಗಳೂರಿನ ಮಾದರಿ. ಅಲ್ಲಿ ಅದು ದೊಡ್ಡ ಪಿಡುಗು, ಯಾಕೆಂದರೆ ಅದನ್ನು ತಿನ್ನುವ ಹುಳ ಅಲ್ಲಿರಲಿಲ್ಲ. 1987ರಲ್ಲಿ ಭಾರತದಿಂದ ಒಯ್ದ ಒಂದು ಸಣ್ಣ ನೊಣವನ್ನು ಫ್ಲಾರಿಡಾದಲ್ಲಿ ಬಿಟ್ಟರು, ಹೈಡ್ರೆಲಿಯಾ ಪಾಕಿಸ್ತಾನೆ. ಅದರ ಮರಿ ಹೈಡ್ರಿಲ್ಲಾ ಎಲೆಯ ಒಳಗಿನ ತಿರುಳು ತಿಂದು ಹೊರಗಿನ ಪೊರೆ ಮಾತ್ರ ಬಿಡುತ್ತದೆ. ಹೈಡ್ರಿಲ್ಲಾ ಎಳೆಯನ್ನು ಬೆಳಕಿಗೆ ಹಿಡಿದರೆ ಕೆಲವು ಎಲೆ ಗಾಜಿನ ಹಾಗೆ ಪಾರದರ್ಶಕವಾಗಿ ಕಾಣುವುದು ಇಂಥ ಮರಿಗಳಿಂದ. ನಮ್ಮ ಕೆರೆಯ ಎಳೆಗಳಲ್ಲೂ ಅಂಥ ಎಲೆ ನೋಡಿದ್ದೇನೆ.

ನಮ್ಮಲ್ಲಿ ಪಿಡುಗಾದದ್ದು ದಕ್ಷಿಣ ಅಮೆರಿಕದಿಂದ ಬಂದ ಹಯಾಸಿಂತ್, ನೀಲಿ ಹೂ ಬಿಟ್ಟು ತೇಲುವುದು. ಅದಕ್ಕೂ ಅದರ ಊರಿನ ಮೂತಿಹುಳ ತಂದು 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಲ್ಲೇ ಬಿಟ್ಟಿದ್ದರು. ತೇಲುವ ಹಯಾಸಿಂತ್ ನೀರಿನ ಮೇಲೆ ಮುಚ್ಚಳ ಹಾಕುತ್ತದೆ, ಆಮ್ಲಜನಕ ಗಾಳಿಗೆ ಬಿಡುತ್ತದೆ. ಮುಳುಗಿದ ಹೈಡ್ರಿಲ್ಲಾ ಆಮ್ಲಜನಕ ನೀರಿಗೆ ಬಿಡುತ್ತದೆ. ಎರಡನ್ನೂ ಒಂದೇ ಟೆಂಡರಿನಲ್ಲಿ "ಜಲಕಳೆ" ಅಂತ ಬರೆದು ತೆಗೆಸಿದ್ದು ನಮ್ಮ ತಪ್ಪು.

ವಾಪಸ್ ತರಲು ಹೋದದ್ದು

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಮುಳುಗಿದಾಗ ನಮ್ಮ ಕೆರೆಗೂ ಬೇಕಾದಷ್ಟು ಕೊಳಚೆ ಬಂತು. ತಟ್ಟೆ 20 ಸೆಂಟಿಮೀಟರಿಗೇ ಮಾಯ. ಆ ವರ್ಷ ಏನೂ ಮಾಡಲು ಆಗಲಿಲ್ಲ.

2023ರ ಮಾರ್ಚ್‌ನಲ್ಲಿ ಇನ್ನೊಂದು ಕೆರೆಯಿಂದ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ತಂದು, ಗೋಣಿಚೀಲದಲ್ಲಿ ಮಣ್ಣು ಕಲ್ಲು ತುಂಬಿ ನೆಟ್ಟು, ಸುಮಾರು ಒಂದು ಮೀಟರ್ ಆಳಕ್ಕೆ 12 ಚೀಲ ಇಳಿಸಿದೆವು. ಸುತ್ತ ಬಲೆ ಕಟ್ಟಿದೆವು. ಐದು ವಾರಕ್ಕೆ ಚೀಲ ಎತ್ತಿ ನೋಡಿದರೆ ಎಲೆಗಳ ಮೇಲೆ ಬೂದು ಲೋಳೆ, ಕಾಂಡ ಕೈಯಲ್ಲೇ ಕರಗಿತು. ಲೆಕ್ಕ ಮೊದಲೇ ಹಾಕಬೇಕಿತ್ತು. ತಟ್ಟೆ ಕಾಣುವ ಆಳದ ಎರಡೂವರೆ ಪಟ್ಟಿನವರೆಗೆ ಗಿಡಕ್ಕೆ ಸಾಕಾಗುವ ಬೆಳಕು ಸಿಗುತ್ತದೆ ಅನ್ನುವುದು ಒಂದು ಅಂದಾಜು. ಹೈಡ್ರಿಲ್ಲಾ ನೂರಕ್ಕೆ ಒಂದು ಪಾಲು ಬಿಸಿಲಲ್ಲೂ ಬದುಕುವ ಗಟ್ಟಿ ಗಿಡ. ಆದರೆ ನಮ್ಮ ತಟ್ಟೆ ಆಗ 25 ಸೆಂಟಿಮೀಟರ್, ಅಂದರೆ 60 ಸೆಂಟಿಮೀಟರಿನ ಆಸುಪಾಸಿಗೆ ಬೆಳಕು ಮುಗಿಯಿತು. ನಾವು ಇಳಿಸಿದ್ದು ಒಂದು ಮೀಟರಿಗೆ, ಕತ್ತಲೆಗೆ.

ಜೊತೆಗೆ ಮೀನು. ಟೆಂಡರಿನವರು ಸಾಮಾನ್ಯ ಗೆಂಡೆ ಬಿಟ್ಟಿದ್ದರು, ಅದು ಹುಳ ಹುಡುಕುತ್ತ ತಳದ ಹೂಳನ್ನು ಬಾಯಿಂದ ಅಗೆಯುತ್ತದೆ. ಹುಲ್ಲುಗೆಂಡೆಯೂ ಇತ್ತು. 1959ರಲ್ಲಿ ಭಾರತಕ್ಕೆ ತಂದ ಈ ಮೀನಿಗೆ ಹೈಡ್ರಿಲ್ಲಾ ಅಂದರೆ ಪ್ರಾಣ. ಒಂದು ಅಗೆಯುವುದು, ಇನ್ನೊಂದು ಮೇಯುವುದು, ನಡುವೆ ನಮ್ಮ 12 ಚೀಲ.

ಆ ಹೊತ್ತಿಗೆ ಅಮೆರಿಕದ ವರ್ಜೀನಿಯಾ ಕರಾವಳಿಯ ಕಥೆ ಓದಿದೆ. 1930ರ ದಶಕದಲ್ಲಿ ರೋಗ ಮತ್ತು ಚಂಡಮಾರುತದಿಂದ ಅಲ್ಲಿಯ ಕೊಲ್ಲಿಗಳಲ್ಲಿ ಜೋಸ್ಟೆರಾ ಪೂರ್ತಿ ನಾಶವಾಗಿ ಎಪ್ಪತ್ತು ವರ್ಷ ಬರಲೇ ಇಲ್ಲ. 2000ದ ಸುಮಾರಿನಿಂದ 20 ವರ್ಷ 7 ಕೋಟಿಗೂ ಹೆಚ್ಚು ಬೀಜ ಎರಚಿದರು. ಈಗ ಅಲ್ಲಿ ಸುಮಾರು 3,600 ಹೆಕ್ಟೇರ್ ಕಡಲಹುಲ್ಲಿದೆ. ಅಲ್ಲಿ ನೀರು ತಿಳಿಯಾಗಿತ್ತು, ಬೀಜ ಬೇಕಿತ್ತು. ನಮ್ಮಲ್ಲಿ ಬೀಜ ತಳದಲ್ಲೇ ಇರಬಹುದು, ಬೆಳಕು ಬೇಕು ಅಂತ ಮೇಷ್ಟ್ರು ಹೇಳಿದರು. ಹೈಡ್ರಿಲ್ಲಾ ಹೂಳೊಳಗೆ ಬಟಾಣಿ ಗಾತ್ರದ ಗೆಡ್ಡೆ ಇಡುತ್ತದೆ, ಅದು ನಾಲ್ಕು ವರ್ಷವಾದರೂ ಸಾಯುವುದಿಲ್ಲ.

2023ರ ಮುಂಗಾರು ಕೈಕೊಟ್ಟಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ಬೆಂಗಳೂರೇ ಟ್ಯಾಂಕರ್ ಹಿಂದೆ ಓಡುತ್ತಿತ್ತು, ನಮ್ಮ ಕೆರೆ ಮೊಣಕಾಲುದ್ದಕ್ಕೆ ಇಳಿಯಿತು. ಟೆಂಡರಿನವರು ಇದ್ದ ಮೀನೆಲ್ಲ ಹಿಡಿದು ಮುಗಿಸಿದರು, ಗೆಂಡೆಗಳೂ ಹೋದವು. ಅಂಚಿನ ಹೂಳು ಬಿಸಿಲಿಗೆ ಒಣಗಿ ಬಿರುಕುಬಿಟ್ಟಿತು. ನಮಗೆಲ್ಲ ಕೆರೆ ಮುಗಿಯಿತು ಅನ್ನಿಸಿತ್ತು. ಏಪ್ರಿಲ್ ಕೊನೆಯಲ್ಲಿ ನಾನು ಪ್ಯಾಂಟು ಮಡಚಿ ಇಳಿದಾಗ ಕಾಲಿಗೆ ಏನೋ ತರಿತರಿಯಾಗಿ ತಾಗಿತು. ಎತ್ತಿ ನೋಡಿದೆ. ಬೆರಳುದ್ದದ ಎಳೆ, ಒಂದೊಂದು ಗಿಣ್ಣಿಗೆ ಐದೈದು ಎಲೆ, ಎಲೆಯ ಅಂಚಿಗೆ ಗರಗಸದ ಹಲ್ಲು, ನಡುನರ ಸ್ವಲ್ಪ ಕೆಂಪು. ಎಳೆಯ ಬುಡದಲ್ಲಿ ಸುಕ್ಕುಗಟ್ಟಿದ ಗೆಡ್ಡೆ ಇನ್ನೂ ಅಂಟಿಕೊಂಡಿತ್ತು. ಗುರುತು ಹಿಡಿಯಲು ಈ ಸಲ ಮೇಷ್ಟ್ರು ಬೇಕಾಗಲಿಲ್ಲ.

ಜೂನ್ 2ರಂದು ನಗರದಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಬಂದು ನೀರೇರಿತು. ಅಷ್ಟರಲ್ಲಿ ಗಿಡ ಮೇಲೆದ್ದಿತ್ತು, ನೀರು ಏರಿದಂತೆ ತಾನೂ ಏರಿತು. ಆಗಸ್ಟಿಗೆ ತಟ್ಟೆ 70 ಸೆಂಟಿಮೀಟರ್. ಡಿಸೆಂಬರಿಗೆ 1.1 ಮೀಟರ್.

ಈಗ ಏನು ಮಾಡುತ್ತಿದ್ದೇವೆ

ಎರಡು ಮೂರು ಮಾತು ಒಪ್ಪಿಸಲು ತುಂಬ ಓಡಾಡಬೇಕಾಯಿತು. ಹಯಾಸಿಂತ್ ಕಂಡ ವಾರವೇ ಕೈಯಲ್ಲಿ ತೆಗೆಯಬೇಕು. ಮುಳುಗಿದ ಗಿಡ ದೋಣಿ ದಾರಿಗೆ ಅಡ್ಡ ಬಂದರೆ ಆ ದಾರಿಯಷ್ಟೇ ಕತ್ತರಿಸಬೇಕು, ಯಾವತ್ತೂ ಕೆರೆಯ ಕಾಲು ಭಾಗಕ್ಕಿಂತ ಜಾಸ್ತಿ ಮುಟ್ಟಬಾರದು. ತೆಗೆದದ್ದು ಅವತ್ತೇ ಏರಿ ದಾಟಿ ಗೊಬ್ಬರದ ಗುಂಡಿಗೆ ಹೋಗಬೇಕು. ಹುಲ್ಲುಗೆಂಡೆ, ಸಾಮಾನ್ಯ ಗೆಂಡೆ ಬಿಡುವುದಿಲ್ಲ ಅಂತ ಟೆಂಡರಿನವರು ಒಪ್ಪಿದ್ದಾರೆ, ಕಾಟ್ಲಾ ರೋಹು ಬಿಡುತ್ತಾರೆ. ಅವರಿಗೆ ಸ್ವಲ್ಪ ನಷ್ಟ. ಆದರೆ 2022ರ ಮೇ ತಿಂಗಳ ನಷ್ಟ ಅವರಿಗೇ ಎಲ್ಲರಿಗಿಂತ ಚೆನ್ನಾಗಿ ನೆನಪಿದೆ. ಸೊಳ್ಳೆ ದೂರು ಇನ್ನೂ ಬರುತ್ತದೆ, ಏರಿ ಪಕ್ಕದ ಒಂದು ಪಟ್ಟಿಯಲ್ಲಿ ಮೇಲೆ ಹಾಸಿದ ಗಿಡವನ್ನು ಆಗಾಗ ಸರಿಸುತ್ತೇವೆ.

ಎಲ್ಲಾ ಸರಿಹೋಗಿಲ್ಲ. ಜೋರು ಮಳೆ ಬಂದರೆ ಮೇಲಿನ ಚರಂಡಿ ಇವತ್ತಿಗೂ ಉಕ್ಕುತ್ತದೆ. ಯಂತ್ರ ಕಿತ್ತ ಜೊಂಡು ನೀರಿನ ಬಾಯಲ್ಲಿ ಅರ್ಧ ಮಾತ್ರ ಬಂದಿದೆ. ನೈದಿಲೆ ಬಂದೇ ಇಲ್ಲ.

ಕಳೆದ ವಾರ ಕೋಡಿ ಹರಿಯಿತು, ನೋಡಲು ಹೋಗಿದ್ದೆ. ಕೋಡಿ ಕಲ್ಲಿನ ಸಂದಿಯಲ್ಲಿ ಹೈಡ್ರಿಲ್ಲಾ ತುಂಡುಗಳು ಸಿಕ್ಕಿಕೊಂಡು ನೀರಿನ ರಭಸಕ್ಕೆ ನಡುಗುತ್ತಿದ್ದವು, ಒಂದೊಂದೇ ಬಿಡಿಸಿಕೊಂಡು ರಾಜಕಾಲುವೆ ಹಿಡಿದು ಕೆಳಗಿನ ಕೆರೆ ಕಡೆ ಹೋಗುತ್ತಿದ್ದವು. ಒಂದು ಗಿಣ್ಣು ಇದ್ದರೂ ಸಾಕು, ಅಲ್ಲಿ ಬೇರು ಬಿಡುತ್ತದೆ. ಕೆಳಗಿನ ಕೆರೆಗೆ ಈಗಷ್ಟೇ ಹೂಳೆತ್ತಿ ನೀರು ಬಿಟ್ಟಿದ್ದಾರೆ. ಭಾನುವಾರ ಅಲ್ಲಿಯವರನ್ನು ಕಂಡು ಮಾತಾಡಬೇಕು, ತಟ್ಟೆ ತಗೊಂಡು ಹೋಗುತ್ತೇನೆ.